ಕುಣಿಯೋಕೆ ಲಾಂಗ್‌ಬೋರ್ಡ್: ಎರಡು ಬೋರ್ಡ್ ಆದ್ಮೇಲೆ ಬರೀತಿರೋ ರಿವ್ಯೂ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಇದ್ಯಲ್ಲ, ಅದನ್ನ ಸುಮಾರು ಏಳು ತಿಂಗಳು ನನಗೆ ನಾನೇ ಹೇಳ್ಕೊಂಡು ಓಡಾಡಿದೀನಿ. ಲಾಂಗ್‌ಬೋರ್ಡ್ ಅಂದ್ರೆ ಉದ್ದನೆಯ ಸ್ಕೇಟ್‌ಬೋರ್ಡ್, ಅದು ಓಡ್ತಿರೋವಾಗಲೇ ಅದರ ಮೇಲೆ ಹೆಜ್ಜೆ ಹಾಕಿ ಕುಣಿಯೋದು ನನ್ನ ಹುಚ್ಚು. ಕ್ರಾಸ್ ಸ್ಟೆಪ್ (ಒಂದು ಕಾಲನ್ನ ಇನ್ನೊಂದರ ಮುಂದೆ ದಾಟಿಸ್ಕೊಂಡು ಬೋರ್ಡ್ ಮೇಲೆ ನಡಿಯೋದು) ಹಾಕಿದಾಗೆಲ್ಲ ಮೂರನೇ ಹೆಜ್ಜೆಗೆ ಮುಗ್ಗರಿಸೋದು, ಮುಗ್ಗರಿಸಿದಾಗೆಲ್ಲ ನನ್ನ ಕಾಲಿಗೇ ಬೈಕೊಳ್ಳೋದು, ಬೋರ್ಡ್ ಮೇಲೆ ತಪ್ಪು ಹೊರಿಸಿದ್ರೆ ನಾಲ್ಕು ಜನ ನಗ್ತಾರೆ ಅಂತ ಸುಮ್ನಾಗೋದು, ಇದೇ ಆಗಿತ್ತು. ಕೊನೆಗೆ ನೋಡಿದ್ರೆ ನೆಲ ನಿಜವಾಗ್ಲೂ ಡೊಂಕಾಗಿತ್ತು ಕಣ್ರೀ. 48 ಇಂಚು ಉದ್ದದ ನೆಲ ಅದು, ನಾನು ನಡುವೆ ಕಾಲಿಟ್ಟ ತಕ್ಷಣ ಹೊಟ್ಟೆ ಬಿಟ್ಕೊಂಡು ರೋಡ್ ಕಡೆ ಇಳೀತಿತ್ತು.

ಹಾಗಾಗಿ ಇದು ಒಂದು ಬೋರ್ಡಿನ ರಿವ್ಯೂ ಅಲ್ಲ, ಎರಡರದ್ದು. ಮೊದಲನೇದಕ್ಕೆ 5ಕ್ಕೆ 2, ಈಗಿರೋದಕ್ಕೆ 5ಕ್ಕೆ 4. ಮೊದಲನೇದರ ಹೆಸರು ಹೇಳಲ್ಲ, ಯಾಕಂದ್ರೆ ಬೋರ್ಡ್ ಕೆಟ್ಟದ್ದಲ್ಲ, ತಗೊಂಡವನು ಕೆಟ್ಟವನು.

ಹೇಗೆ ತಗೊಂಡೆ ಅಂದ್ರೆ, ಎಲ್ರೂ ತಗೊಳ್ಳೋ ಹಾಗೇನೇ. ಕೊರಿಯಾದ ಕೋ ಹ್ಯೋಜೂ ಅವರ ವಿಡಿಯೋ ನೋಡಿದೀರಲ್ಲ, ನೀರಿನ ಮೇಲೆ ನಡೆದ ಹಾಗೆ ಬೋರ್ಡ್ ಮೇಲೆ ನಡೀತಾರೆ, ಮುಖದಲ್ಲಿ ಒಂಚೂರೂ ಟೆನ್ಶನ್ ಇರಲ್ಲ. ಅದನ್ನ ರಾತ್ರಿಯೆಲ್ಲ ನೋಡಿ ಬೆಳಗ್ಗೆ ಅಂಗಡಿಗೆ ಹೋಗಿ ಇದ್ದದ್ರಲ್ಲೇ ಉದ್ದದ್ದು, ಇದ್ದದ್ರಲ್ಲೇ ಮೆತ್ತಗಿರೋದು ಯಾವ್ದಿದೆ ಕೊಡಿ ಅಂದೆ. ಕೊಟ್ರು. ಅಂಗಡಿ ಒಳಗಡೆ ಕಾರ್ಪೆಟ್ ಮೇಲಿಟ್ಟು ಅದರ ಮೇಲೆ ನಿಂತು ಎರಡು ಸಲ ಮೊಣಕಾಲು ಬಗ್ಗಿಸಿ ಎದ್ದೆ, ಆಹಾ, ಹಳೇ ಸ್ಪ್ರಿಂಗ್ ಮಂಚದ ಮೇಲೆ ನಿಂತಂಗೆ ತೂಗ್ತು. ಅಷ್ಟೇ, ಬಿಲ್ ಮಾಡ್ಸಿದೆ. ನಿಂತಲ್ಲೇ ನಿಂತು ಬೋರ್ಡ್ ನೋಡಬೇಡಿ ಅನ್ನೋದೇ ಈ ಇಡೀ ಬರಹದಲ್ಲಿ ನಾನು ಹೇಳಬೇಕಾಗಿರೋ ಮುಖ್ಯ ಮಾತು. ನಿಂತಾಗ ಹಿತವಾಗಿರೋದು ಬೇರೆ, ನಡೆದಾಗ ಹಿತವಾಗಿರೋದು ಬೇರೆ.

ನಿಂತಾಗ ನಿಮ್ಮ ತೂಕ ಎರಡು ಟ್ರಕ್‌ಗಳ (ಹಲಗೆ ಕೆಳಗೆ ವೀಲ್ ಹಿಡಿದಿರೋ, ಬೋರ್ಡ್ ತಿರುಗಿಸೋ ಲೋಹದ ಭಾಗ) ಕಡೆ ಹಂಚಿ ಹೋಗಿರತ್ತೆ. ಕ್ರಾಸ್ ಸ್ಟೆಪ್ ಹಾಕೋವಾಗ ಒಂದು ಕಾಲು ಇನ್ನೊಂದರ ಮುಂದೆ ದಾಟಿ ಬರೋ ಆ ಕ್ಷಣ ಇದೆಯಲ್ಲ, ಆಗ ಇಡೀ ತೂಕ ಒಂದೇ ಪಾದದಲ್ಲಿ, ಅದೂ ಡೆಕ್‌ನ, ಅಂದ್ರೆ ಕಾಲಿಡೋ ಹಲಗೆಯ, ನಟ್ಟನಡುವೆ, ಡೆಕ್ ಅತೀ ಹೆಚ್ಚು ಬಗ್ಗೋ ಜಾಗದಲ್ಲೇ ಇರತ್ತೆ. ನನ್ನ ತೂಕ 82 ಕೆಜಿ, ಶೂ, ಬೆನ್ನಿಗೆ ಬ್ಯಾಗು, ಅದ್ರಲ್ಲಿ ನೀರು ಎಲ್ಲಾ ಸೇರಿ 85 ಅಂತಿಟ್ಕೊಳ್ಳಿ. ಆ ಬೋರ್ಡಿನ ಫ್ಲೆಕ್ಸ್ ಚಾರ್ಟು, ಅಂದ್ರೆ ಎಷ್ಟು ಬಗ್ಗೋ ಡೆಕ್ ಎಷ್ಟು ತೂಕದವ್ರಿಗೆ ಅನ್ನೋ ಪಟ್ಟಿ, 70 ಕೆಜಿ ಹತ್ರ ಮುಗಿದಿತ್ತು. ಚಾರ್ಟು ಇತ್ತು, ಬೋರ್ಡಿನ ಜೊತೆ ಬಂದ ಕಾರ್ಡ್ ಮೇಲೇ ಪ್ರಿಂಟ್ ಆಗಿತ್ತು, ನಾನು ಅದನ್ನ ಸ್ಟಿಕರ್ ಜೊತೆ ಡ್ರಾಯರ್‌ಗೆ ಹಾಕಿದ್ದೆ.

ಗೊತ್ತಾಗಿದ್ದು ಹೇಗೆ ಅಂದ್ರೆ ನನ್ನ ಜೊತೆ ಸ್ಕೇಟ್ ಮಾಡೋ ಒಬ್ಬಳು ಇದಾಳೆ, ಒಂದಿನ ನಾನು ಬೀಳೋದನ್ನ ಫೋನಲ್ಲಿ ಸ್ಲೋ ಮೋಷನ್ ಹಿಡಿದ್ಲು, ನನ್ನ ಮರ್ಯಾದೆ ತೆಗಿಯೋಕೆ ಅಂತಾನೇ. ಆಮೇಲೆ ಇಬ್ರೂ ಕಟ್ಟೆ ಮೇಲೆ ಕೂತು ನೋಡ್ತಿದ್ವಿ. ನಾನು ನನ್ನ ಕಾಲನ್ನೇ ನೋಡ್ತಿದ್ದೆ. ಅವಳು ಸುಮ್ನೆ ಬೆರಳಿಟ್ಟು, "ಕಾಲು ಬಿಡೋ, ಕೆಳಗೆ ನೋಡು" ಅಂದ್ಲು. ಡೆಕ್ ಹೊಟ್ಟೆಗೂ ರೋಡಿಗೂ ಎರಡು ಬೆರಳು ಜಾಗ ಇತ್ತು ಅಷ್ಟೇ. ನಾನು ಕಾಲೆತ್ತಿದ ತಕ್ಷಣ ಅದು ಪಟ್ಟಂತ ಮೇಲಕ್ಕೆ ಬಂದು ಇನ್ನೊಂದು ಕಾಲನ್ನ ತಳ್ತಿತ್ತು, ಆ ತಳ್ಳೋದಕ್ಕೇ ನಾನು ಪಕ್ಕಕ್ಕೆ ಹೋಗ್ತಿದ್ದೆ. ಇದರ ಜೊತೆ ಇನ್ನೊಂದಿದೆ, ಡೆಕ್ ನಡುವೆ ತಗ್ಗಿದ್ರೆ ಎರಡೂ ತುದಿಲಿ ಟ್ರಕ್ ಕೂತಿರೋ ಕೋನವೂ ಬದಲಾಗತ್ತೆ, ಹಾಗಾಗಿ ಒಂದೊಂದು ಹೆಜ್ಜೆಗೂ ಬೋರ್ಡ್ ತಿರುಗೋ ರೀತಿ ಒಂದೊಂದು ಥರ. ಇದರ ಮೇಲೆ ತಾಳ ಎಲ್ಲಿಂದ ಬರಬೇಕು.

ಫ್ಲೆಕ್ಸ್ ವಿಷಯದಲ್ಲಿ ಇನ್ನೊಂದು ಗೊಂದಲ ಅಂದ್ರೆ ನಂಬರ್‌ಗಳು. ಲೋಡೆಡ್ ಕಂಪನಿಯ ಬೋರ್ಡ್‌ಗಳಲ್ಲಿ ಫ್ಲೆಕ್ಸ್ 1 ಅಂದ್ರೆ ಗಟ್ಟಿ, ನಂಬರ್ ಜಾಸ್ತಿ ಆದಂಗೆ ಮೆತ್ತಗೆ. ಎಲ್ಲಾ ಕಡೆ ಹಾಗೇ ಅಂತಿಲ್ಲ, ಕೆಲವರು ಸಾಫ್ಟ್ ಮೀಡಿಯಮ್ ಹಾರ್ಡ್ ಅಂತ ಬರೀತಾರೆ, ಒಬ್ಬರ ಮೀಡಿಯಮ್ ಇನ್ನೊಬ್ಬರ ಸಾಫ್ಟ್. ಅದಕ್ಕೆ ನಂಬರ್ ಬಿಟ್ಟಾಕಿ, ಕೆಜಿ ನೋಡಿ. ಎರಡು ಫ್ಲೆಕ್ಸ್ ನಡುವೆ ಸಿಕ್ಕಾಕ್ಕೊಂಡ್ರೆ ಕುಣಿಯೋದಕ್ಕೆ ಗಟ್ಟಿದೇ ತಗೊಳ್ಳಿ, ಸುಮ್ನೆ ಕಾರ್ವ್ ಮಾಡ್ಕೊಂಡು, ಅಂದ್ರೆ ಎಡಕ್ಕೆ ಬಲಕ್ಕೆ ವಾಲಿ ಬಳುಕ್ತಾ, ತೇಲಾಡೋದಕ್ಕಾದ್ರೆ ಮೆತ್ತಂದು. ಟೆಸ್ಟ್ ಮಾಡೋಕೆ ಸುಲಭ: ಒಂದೇ ಕಾಲಲ್ಲಿ ಡೆಕ್ ನಡುವೆ ನಿಲ್ಲಿ, ಯಾರನ್ನಾದ್ರೂ ಪಕ್ಕದಿಂದ ಬಗ್ಗಿ ನೋಡೋಕೆ ಹೇಳಿ. ಕ್ಯಾಂಬರ್ ಇರೋ ಬೋರ್ಡ್, ಅಂದ್ರೆ ನಡುವೆ ಸ್ವಲ್ಪ ಮೇಲಕ್ಕೆ ಬಿಲ್ಲಿನಂಗೆ ಬಾಗಿರೋದು, ಆಗ ಹೆಚ್ಚು ಕಮ್ಮಿ ಚಪ್ಪಟೆ ಆಗಬೇಕು. ಅದನ್ನೂ ದಾಟಿ ಕೆಳಗೆ ಜೋತು ಬಿದ್ರೆ ಅದು ನಿಮ್ಮದಲ್ಲ. ಮುಜುಗರ ಪಡಬೇಡಿ, ಅಂಗಡಿಯವ್ರು ಇದಕ್ಕಿಂತ ವಿಚಿತ್ರ ಎಷ್ಟೋ ನೋಡಿರ್ತಾರೆ.

ಸರಿ, ಉದ್ದ. ಡ್ಯಾನ್ಸ್ ಬೋರ್ಡ್‌ಗಳು ಸಾಮಾನ್ಯವಾಗಿ 40ರಿಂದ 48 ಇಂಚು. ಯಾಕಿಷ್ಟು ಉದ್ದ ಅಂದ್ರೆ ಈ ಹೆಜ್ಜೆಗಳೇ ಸಮುದ್ರದಿಂದ ಬಂದಿದ್ದು, ಸರ್ಫಿಂಗ್‌ನಲ್ಲಿ ಉದ್ದ ಬೋರ್ಡಿನ ಮೇಲೆ ಹಿಂದಿನಿಂದ ಮೂತಿ ತನಕ ಕಾಲು ದಾಟಿಸ್ಕೊಂಡು ನಡಿತಾರಲ್ಲ, ಅದೇ ಕ್ರಾಸ್ ಸ್ಟೆಪ್. ನಡಿಯೋಕೆ ಜಾಗ ಬೇಕೇ ಬೇಕು. ಆದ್ರೆ ನಾನು ಮಾಡಿದ ತಪ್ಪು ಮಾಡಬೇಡಿ, ತುದಿಯಿಂದ ತುದಿಗೆ ಎಷ್ಟು ಅನ್ನೋದು ಅರ್ಧ ಲೆಕ್ಕ. ವೀಲ್‌ಬೇಸ್ ಎಷ್ಟು ಅಂತ ಕೇಳಿ, ಅಂದ್ರೆ ಹಿಂದಿನ ಟ್ರಕ್‌ಗೂ ಮುಂದಿನ ಟ್ರಕ್‌ಗೂ ಮಧ್ಯ ಎಷ್ಟು ದೂರ ಅಂತ. 46 ಇಂಚಿನ ಎರಡು ಬೋರ್ಡ್ ತಗೊಳ್ಳಿ, ಒಂದರ ವೀಲ್‌ಬೇಸ್ 33, ಇನ್ನೊಂದರದ್ದು 29 ಅಂತಿಟ್ಕೊಳ್ಳಿ, ಎರಡೂ ಬೇರೆ ಬೇರೆ ಪ್ರಾಣಿಗಳು. ಮೊದಲನೇದ್ರಲ್ಲಿ ನಡಿಯೋಕೆ ಹಜಾರದಷ್ಟು ಜಾಗ, ಆದ್ರೆ ತಿರುಗೋದು ನಿಧಾನ, ಮೂತಿ ಬಾಲ ಗಿಡ್ಡ. ಎರಡನೇದ್ರಲ್ಲಿ ಹೆಜ್ಜೆಗೆ ಜಾಗ ಕಮ್ಮಿ, ಆದ್ರೆ ಎರಡೂ ಕಡೆ ಕಿಕ್ (ಮೇಲಕ್ಕೆ ಎದ್ದಿರೋ ತುದಿ) ಉದ್ದ ಇರೋದ್ರಿಂದ ಒತ್ತಿದ್ರೆ ಬೋರ್ಡ್ ಸಲೀಸಾಗಿ ಎದ್ದು ನಿಲ್ಲತ್ತೆ, ಮ್ಯಾನ್ಯುಯಲ್ (ಎರಡೇ ವೀಲ್ ಮೇಲೆ ಓಡಿಸೋದು), ಶವ್-ಇಟ್ (ಕಾಲ ಕೆಳಗೆ ಬೋರ್ಡನ್ನ ಗಿರ್ರಂತ ಸುತ್ತಿಸೋದು) ಎಲ್ಲಾ ಬೇಗ ಬರತ್ತೆ.

ಇಲ್ಲಿ ನೀವು ನಿಮ್ಮನ್ನ ಪ್ರಾಮಾಣಿಕವಾಗಿ ಕೇಳ್ಕೋಬೇಕು, ನಾನು ಏನ್ ಮಾಡ್ತೀನಿ ಅಂತ. ಏನ್ ಮಾಡಬೇಕು ಅಂತ ಕನಸು ಕಾಣ್ತೀನಿ ಅಂತಲ್ಲ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನಡಿಯೋ 'ಸೋ ಯು ಕ್ಯಾನ್ ಲಾಂಗ್‌ಬೋರ್ಡ್ ಡ್ಯಾನ್ಸ್' ಸ್ಪರ್ಧೆಯ ವಿಡಿಯೋ ನೋಡಿದ್ರೆ ಅಲ್ಲಿನವ್ರು ಪೈರೂಎಟ್ (ಒಂದು ಕಾಲ ಮೇಲೆ ಗಿರಕಿ) ಹಾಕ್ತಾ ಹಾಕ್ತಾನೇ ಬೋರ್ಡ್ ತಿರುಗಿಸಿ ಹಾರಿಸಿ ಮತ್ತೆ ಅದರ ಮೇಲೇ ಬಂದು ನಿಲ್ತಾರೆ, ಹೆಜ್ಜೆಗೂ ಟ್ರಿಕ್‌ಗೂ ಗೋಡೇನೇ ಇಲ್ಲ. ಅದನ್ನ ನೋಡಿ ನಾನೂ ಮೊದಲನೇ ಬೋರ್ಡಲ್ಲಿ ಶವ್-ಇಟ್ ಟ್ರೈ ಮಾಡಿದೆ. 4 ಕೆಜಿ ಮರ ಗಿರ್ರಂತ ತಿರುಗಿ ಬಂದು ಕಣಕಾಲಿನ ಮೂಳೆಗೆ ಬಡಿಯೋದು ಹೇಗಿರತ್ತೆ ಅಂತ ಬರೆಯೋ ಶಕ್ತಿ ನನ್ನ ಭಾಷೆಗಿಲ್ಲ, ಹತ್ತು ನಿಮಿಷ ಅಲ್ಲೇ ಕೂತು ಕಾಲು ಉಜ್ಕೊಂಡೆ. ನಾನು ನೂರಕ್ಕೆ ಎಂಬತ್ತು ಹೆಜ್ಜೆ ಹಾಕೋನು, ಇಪ್ಪತ್ತು ಟ್ರಿಕ್ ಟ್ರೈ ಮಾಡಿ ಬೀಳೋನು. ಆ ಲೆಕ್ಕಕ್ಕೆ ಈಗ ಇರೋದು 46 ಇಂಚು ಉದ್ದ, 31 ಇಂಚು ವೀಲ್‌ಬೇಸ್. ನೀವು ಕುಳ್ಳಗಿದ್ದು ಶೂ ಸೈಜ್ ಚಿಕ್ಕದಾಗಿದ್ರೆ 42ರಲ್ಲೇ ಆರಾಮಾಗಿ ನಡೀಬಹುದು, ಉದ್ದದ ಬೋರ್ಡ್ ಹೊತ್ಕೊಂಡು ಮೆಟ್ಟಿಲು ಹತ್ತೋ ಕಷ್ಟ ಉಳಿಯತ್ತೆ.

ಅಗಲ 9ರಿಂದ 10 ಇಂಚಿನೊಳಗೆ ಯಾವ್ದಾದ್ರೂ ನಡಿಯತ್ತೆ. ಪಾದ ದೊಡ್ಡದಿದ್ರೆ 10ರ ಹತ್ರ ಹೋಗಿ. ಕಾನ್ಕೇವ್, ಅಂದ್ರೆ ಡೆಕ್‌ನ ಅಂಚು ಎದ್ದು ನಡುವೆ ತಗ್ಗಾಗಿರೋದು, ಅದರ ಬಗ್ಗೆ ಮಾತ್ರ ಎರಡು ಮಾತು. ಇಳಿಜಾರಲ್ಲಿ ಸ್ಪೀಡಾಗಿ ಹೋಗೋರಿಗೆ ಅಂಚು ಎದ್ದಿರೋ ಡೆಕ್ ಬೇಕು, ಕಾಲು ಲಾಕ್ ಆಗ್ಬೇಕು ಅವ್ರಿಗೆ. ನಮಗೆ ಕಾಲು ಲಾಕ್ ಆದ್ರೆ ಕಥೆ ಮುಗೀತು. ಪೀಟರ್ ಪ್ಯಾನ್ ಅನ್ನೋ ಹೆಜ್ಜೆ ಹಾಕೋವಾಗ ಒಂದು ಕಾಲು ಇನ್ನೊಂದರ ಸುತ್ತ ಬಂದು ಅಂಚಿನ ಪಕ್ಕದಲ್ಲೇ ಕೂರತ್ತೆ, ಪೈರೂಎಟ್‌ನಲ್ಲಿ ಮುಂಗಾಲ ಮೇಲೆ ಗಿರಕಿ ಹೊಡೀಬೇಕು, ಆಗ ಎದ್ದಿರೋ ಅಂಚು ಪಾದಕ್ಕೆ ಒತ್ತಿ ಉರಿ ಬರತ್ತೆ. ತಟ್ಟೆಯಷ್ಟು ಸಣ್ಣ ತಗ್ಗು ಇದ್ರೆ ಸಾಕು, ಅಂಚು ಎಲ್ಲಿದೆ ಅಂತ ಕೆಳಗೆ ನೋಡದೇ ಕಾಲಿಗೆ ಗೊತ್ತಾಗೋವಷ್ಟು.

ಹೆಸರುಗಳ ಬಗ್ಗೆ ಒಂದು ತಮಾಷೆ, ಈ ಕಂಪನಿಗಳಿಗೆ ಕುಣಿತದ ಹೆಸರಿನ ಹುಚ್ಚು. ಲೋಡೆಡ್‌ನವ್ರದ್ದು ಭಾಂಗ್ರಾ ಅಂತ ಒಂದು, ಹೌದು ಪಂಜಾಬಿ ಭಾಂಗ್ರಾನೇ, ಇನ್ನೊಂದು ತರಬ್, ಅರಬ್ಬಿಯಲ್ಲಿ ಸಂಗೀತ ಕೇಳಿ ಮೈಮರೆಯೋದಕ್ಕೆ ಹಾಗಂತಾರೆ. ಬಾಸ್ಟಲ್‌ನವ್ರದ್ದು ಬೊಲೆರೊ, ಲಶ್‌ನವ್ರದ್ದು ಸಾಂಬಾ. ಹೆಸರು ಕೇಳಿದ್ರೇನೇ ಕಾಲು ಕುಣಿಯತ್ತೆ, ಆದ್ರೆ ಹೆಸರಿಗೂ ನಿಮ್ಮ ಕೆಜಿಗೂ ಸಂಬಂಧ ಇಲ್ಲ.

ಮರದ ವಿಷಯ ಬೇಗ ಮುಗಿಸ್ತೀನಿ. ಬಿದಿರು ಮತ್ತೆ ಫೈಬರ್‌ಗ್ಲಾಸ್ ಸೇರಿಸಿ ಮಾಡಿದ್ದು ಹಗುರ, ಬಗ್ಗಿದ್ದು ಚುರುಕಾಗಿ ವಾಪಸ್ ಬರತ್ತೆ. ಬರೀ ಮೇಪಲ್ ಪದರದ್ದು ಭಾರ, ಮಂಕು, ಆದ್ರೆ ನಂಬಿಕಸ್ಥ. ನೀರು ಎರಡಕ್ಕೂ ಆಗಲ್ಲ. ಒದ್ದೆ ಆದ ಬೋರ್ಡನ್ನ ಬಿಸಿಲಿಗೆ ಒಣಗೋಕಿಟ್ರೆ ಡೆಕ್ ತಿರುಚಿಕೊಳ್ಳತ್ತೆ, ಬಟ್ಟೇಲಿ ಒರೆಸಿ ನೆರಳಲ್ಲಿ ಇಡಿ.

ಕಾಲು ಜಾರದೇ ಇರೋಕೆ ಡೆಕ್ ಮೇಲೆ ಅಂಟಿಸೋ ಗ್ರಿಪ್ ಟೇಪ್ ಬಗ್ಗೆ ಯಾರೂ ಹೇಳಲ್ಲ, ಅದಕ್ಕೇ ನಾನು ಹೇಳ್ತೀನಿ. ಮೊದಲನೇ ಬೋರ್ಡಲ್ಲಿ ಇದ್ದಿದ್ದು ಡೌನ್‌ಹಿಲ್‌ನೋರು ಹಾಕೋ ಥರದ ಒರಟು ಟೇಪು. ಕಾಲು ಇಟ್ಟಲ್ಲೇ ಅಂಟ್ಕೊಳ್ಳತ್ತೆ, ಪೈರೂಎಟ್ ಹಾಕಿದ್ರೆ ಸೊಂಟ ತಿರುಗತ್ತೆ, ಪಾದ ತಿರುಗಲ್ಲ, ಮಧ್ಯದಲ್ಲಿ ಮೊಣಕಾಲು ಪಾಪ ಎರಡೂ ಕಡೆಗೂ ಜವಾಬು ಹೇಳ್ಬೇಕು. ಜೊತೆಗೆ ಎರಡು ಜೊತೆ ಶೂ ಅಡಿ ತಿಂದಾಕ್ತು. ಗ್ರಿಟ್ ನಂಬರ್ ಜಾಸ್ತಿ ಇದ್ದಷ್ಟೂ ಟೇಪು ನುಣುಪು, ಇದು ಉಪ್ಪು ಕಾಗದದ ಲೆಕ್ಕವೇ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ನಿಧಾನಕ್ಕೆ ಎಳೆದ್ರೆ ಹಳೇ ಟೇಪು ಬರತ್ತೆ, ಅಂಟು ಮೆತ್ತಗಾಗಿರತ್ತೆ. ಈಗಿರೋದ್ರಲ್ಲಿ ನಡುವೆ ಒಂದು ಸಣ್ಣ ಗೆರೆ ಟೇಪ್ ಹಾಕದೇ ಬಿಟ್ಟಿದಾರೆ, ಮೊದಲು ಡಿಸೈನು ಅನ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು, ತೆಳು ಶೂ ಹಾಕಿದ್ರೆ ಮಧ್ಯ ಎಲ್ಲಿದೆ ಅಂತ ಪಾದಕ್ಕೇ ಸಿಗತ್ತೆ. ಇಂಥ ಸಣ್ಣ ವಿಷಯಕ್ಕೇ ನಾನು ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿರೋದು.

ಈಗ ಟ್ರಕ್. ಡ್ಯಾನ್ಸ್‌ಗೆ ಎಲ್ರೂ ಹಾಕೋದು 180 ಮಿ.ಮೀ. ರಿವರ್ಸ್ ಕಿಂಗ್‌ಪಿನ್ (ಟ್ರಕ್ ನಡುವಿನ ದಪ್ಪ ಬೋಲ್ಟ್ ಹೊರಮುಖವಾಗಿರೋದು), 50 ಡಿಗ್ರಿದು. ಪ್ಯಾರಿಸ್ ಕಂಪನಿದಾಗ್ಲಿ ಕ್ಯಾಲಿಬರ್ ಕಂಪನಿದಾಗ್ಲಿ, ಎರಡೂ ಚೆನ್ನಾಗಿವೆ, ಇದರ ಮೇಲೆ ಜಗಳ ಆಡೋರು ಆಡ್ಕೊಳ್ಳಲಿ. 43, 44 ಡಿಗ್ರಿದೂ ಸಿಗತ್ತೆ, ಅದು ಸ್ಪೀಡಿಗೆ, ಬೇಗ ತಿರುಗಲ್ಲ, ನಮ್ಮ ಉದ್ದದ ವೀಲ್‌ಬೇಸ್ ಜೊತೆ ಸೇರಿದ್ರೆ ಲಾರಿ ತಿರುಗಿಸಿದಂಗೆ ಇರತ್ತೆ.

ಆದ್ರೆ ಟ್ರಕ್‌ಗಿಂತ ಹತ್ತು ಪಟ್ಟು ಮುಖ್ಯವಾದದ್ದು ಅದರೊಳಗಿರೋ ಬುಶಿಂಗು. ಬೆರಳ ತುದಿಯಷ್ಟಿರೋ ಪಾಲಿಯುರೆಥೇನ್ ತುಂಡು, ಇಡೀ ಬೋರ್ಡಲ್ಲಿ ಅತಿ ಕಡಿಮೆ ಖರ್ಚಿನ ಸಾಮಾನುಗಳಲ್ಲಿ ಒಂದು, ಅದೇ ನಿಮ್ಮ ಕುಣಿತ ನಿರ್ಧಾರ ಮಾಡೋದು. ಬುಶಿಂಗ್ ತೀರಾ ಮೆತ್ತಗಿದ್ರೆ ಅಂಚಿನ ಹತ್ರ ಕಾಲಿಟ್ಟ ಕೂಡ್ಲೇ ಬೋರ್ಡ್ ಆ ಕಡೆ ವಾಲ್ಕೊಂಡು ತಿರುಗಿಬಿಡತ್ತೆ. ತೀರಾ ಗಟ್ಟಿಯಿದ್ರೆ ಹೆಜ್ಜೆ ಸಲೀಸು, ಆದ್ರೆ ರೋಡ್ ತಿರುಗಿದಾಗ ನೀವು ತಿರುಗಲ್ಲ, ಬೇಲಿಗೆ ಹೋಗ್ತೀರಿ. ಕುಣಿಯೋರಿಗೆ ಬೇಕಾಗಿರೋದು ಮೊದಲ ಸ್ವಲ್ಪ ವಾಲೋವರೆಗೂ ಹಿಡಿದಿಡೋ, ಆಮೇಲೆ ಬೇಕಂತಲೇ ಒರಗಿದ್ರೆ ಬಿಟ್ಟುಕೊಡೋ ಬುಶಿಂಗು. ಅದಕ್ಕೇ ಕೋನ್ ಆಕಾರದ್ದು ಬಿಟ್ಟು ಮೇಲೂ ಕೆಳಗೂ ಬ್ಯಾರೆಲ್ ಆಕಾರದ್ದು ಹಾಕಿ ನೋಡಿ. ಕೋನ್ ಬೇಗ ವಾಲತ್ತೆ, ಹೊಸಬರಿಗೆ ಅದೇ ಭಯ ಹುಟ್ಸೋದು.

ಗಟ್ಟಿತನ ಡ್ಯೂರೋಮೀಟರ್‌ನಲ್ಲಿ ಬರೆದಿರ್ತಾರೆ, 78ಎ ಅಂದ್ರೆ ಮೆತ್ತಗೆ, 93ಎ ಅಂದ್ರೆ ಗಟ್ಟಿ. 82 ಕೆಜಿಗೆ ನಾನು ಮುಂದೆ 87ಎ, ಹಿಂದೆ 90ಎ ಹಾಕ್ಕೊಂಡಿದೀನಿ. 60 ಕೆಜಿ ಒಳಗಿರೋರಿಗೆ ಇದು ಕಲ್ಲು. ತುಂಬಾ ಜನ ಒಂದು ತಪ್ಪು ಮಾಡ್ತಾರೆ, ಬೋರ್ಡ್ ಅಲ್ಲಾಡ್ತಿದೆ ಅಂತ ಕಿಂಗ್‌ಪಿನ್ ನಟ್ಟು ಬಿಗೀತಾ ಹೋಗ್ತಾರೆ, ಬುಶಿಂಗು ವಾಷರ್‌ನಿಂದ ಆಚೆ ಉಬ್ಬಿ ಬಂದ್ರೂ ಬಿಡಲ್ಲ. ಹಾಗೆ ಹಿಂಡಿದ ಬುಶಿಂಗ್ ಬಿರುಕು ಬಿಡತ್ತೆ, ವಾಲೋದೂ ಒರಟಾಗತ್ತೆ. ಗಟ್ಟಿ ಬುಶಿಂಗ್ ಹಾಕಿ ನಟ್ಟನ್ನ ಸಡಿಲಾಗೇ ಇಡಿ, ವಾಷರ್ ಕೈಯಲ್ಲಿ ತಿರುಗಿಸಿದ್ರೆ ಕಷ್ಟಪಟ್ಟು ತಿರುಗೋವಷ್ಟು. ನಾನು ನಟ್ಟಿನ ಒಂದು ಮೂಲೆಗೆ ಬಿಳಿ ಪೇಂಟ್ ಪೆನ್ನಲ್ಲಿ ಚುಕ್ಕಿ ಇಟ್ಟಿದೀನಿ, ಒಂದ್ಸಲಕ್ಕೆ ಕಾಲು ಸುತ್ತು ಮಾತ್ರ, ಆಮೇಲೆ ಅರ್ಧ ಗಂಟೆ ಓಡಿಸಿ ನೋಡೋದು. ಚುಕ್ಕಿ ಇಲ್ಲದೇ ಇದ್ದಾಗ ಏನ್ ಮಾಡಿದೆ ಏನ್ ಬಿಟ್ಟೆ ಅಂತಾನೇ ಮರ್ತೋಗ್ತಿತ್ತು.

ವೀಲು 65ರಿಂದ 70 ಮಿ.ಮೀ., ಗಟ್ಟಿತನ 80ಎ ಆಸುಪಾಸು, ಅಂಚು ದುಂಡಗಿರೋದು. ಒರಾಂಗಟಾಂಗ್ ಕಂಪನಿಯ ಫ್ಯಾಟ್ ಫ್ರೀ 65, ಸ್ಟಿಮ್ಯುಲಸ್ 70, ಇಂಥವು. ಅವ್ರದ್ದು ಬಣ್ಣ ನೋಡಿದ್ರೇನೇ ಗಟ್ಟಿತನ ಗೊತ್ತಾಗತ್ತೆ, ಕಿತ್ತಳೆ 80ಎ, ನೇರಳೆ 83ಎ, ಹಳದಿ 86ಎ. ಅಂಚು ಯಾಕೆ ದುಂಡಗಿರ್ಬೇಕು ಅಂದ್ರೆ ಬೋರ್ಡ್ ಸ್ವಲ್ಪ ಅಡ್ಡ ಇಳಿದ್ರೂ ಜಾರಿ ನೇರ ಆಗತ್ತೆ, ಚೂಪು ಅಂಚಾದ್ರೆ ಅಲ್ಲೇ ಕಚ್ಚಿ ನಿಲ್ಲತ್ತೆ, ನೀವು ಮಾತ್ರ ಮುಂದಕ್ಕೆ ಹೋಗ್ತೀರಿ. ದೊಡ್ಡ ವೀಲ್ ಒರಟು ರೋಡಲ್ಲಿ ಆರಾಮ ಅಂತ 80 ಮಿ.ಮೀ. ಹಾಕೋಕೆ ಹೋಗ್ಬೇಡಿ, ಭಾರ, ಮತ್ತೆ ವಾಲಿದಾಗ ಡೆಕ್‌ಗೆ ತಾಗಿ ವೀಲ್‌ಬೈಟ್ ಆಗತ್ತೆ, ವೀಲ್ ಟಕ್ಕಂತ ನಿಂತೋಗತ್ತೆ. ಬೇರಿಂಗ್ ಎಲ್ಲಾದ್ರಲ್ಲೂ 608 ಸೈಜೇ, 22 ಮಿ.ಮೀ. ಹೊರಗೆ, 8 ಮಿ.ಮೀ. ತೂತು, 7 ಮಿ.ಮೀ. ದಪ್ಪ, ಅದಕ್ಕೆ ಜಾಸ್ತಿ ದುಡ್ಡು ಹಾಕಬೇಡಿ. ಬೇರಿಂಗ್ ಮೇಲೆ ಬರೆದಿರೋ ಎಬೆಕ್ (ABEC) ನಂಬರ್ ದೊಡ್ಡದಿದ್ರೆ ಸ್ಪೀಡ್ ಜಾಸ್ತಿ ಅನ್ನೋದು ಸುಳ್ಳು, ಅದು ಅಳತೆ ಎಷ್ಟು ನಿಖರ ಅನ್ನೋದರ ಲೆಕ್ಕ. ಎರಡು ಬೇರಿಂಗ್ ಮಧ್ಯ ಸ್ಪೇಸರ್, ಅಂದ್ರೆ ಸಣ್ಣ ಕೊಳವೆ, ಇದೆಯಾ ನೋಡ್ಕೊಳ್ಳಿ, ಸಾಕು.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಬೋರ್ಡ್ ಮಗುಚಿ ಹಾಕಿ ಮೊದಲು ಬೋಲ್ಟ್ ತೂತುಗಳ ಸುತ್ತ ನೋಡಿ, ಬಿರುಕು ಶುರುವಾಗೋದು ಸಾಮಾನ್ಯವಾಗಿ ಅಲ್ಲಿಂದ್ಲೇ. ಆಮೇಲೆ ಬಾಲದ ಕಡೆಯಿಂದ ಒಂದು ಕಣ್ಣು ಮುಚ್ಚಿ ಮೂತಿ ಕಡೆ ನೋಡಿ, ಎರಡು ತುದಿಯೂ ಒಂದೇ ಮಟ್ಟದಲ್ಲಿ ಕಾಣ್ಬೇಕು. ಒಂದು ಕಡೆ ಓರೆ ಇದ್ರೆ ಡೆಕ್ ತಿರುಚಿದೆ. ನಡುವೆ ನಿಂತು ಮೆಲ್ಲಗೆ ಕುಪ್ಪಳಿಸಿ, ಚಟಚಟ ಅಂತ ಒಳಗಿಂದ ಸದ್ದು ಬಂದ್ರೆ ಪದರ ಬಿಟ್ಟಿರತ್ತೆ, ಅಲ್ಲಿಗೆ ನಮಸ್ಕಾರ ಹೇಳಿ ಬಂದ್ಬಿಡಿ. ಬಾಲ ಸವೆದಿರೋದು, ಚಿತ್ರ ಉಜ್ಜಿ ಹೋಗಿರೋದು, ಇದ್ಯಾವ್ದೂ ಲೆಕ್ಕಕ್ಕಿಲ್ಲ, ಚೌಕಾಸಿ ಮಾಡೋಕೆ ಒಳ್ಳೇದು ಅಷ್ಟೇ.

ಈಗಿರೋ ಬೋರ್ಡಿಗೆ ಬರ್ತೀನಿ. ಬಿದಿರು ಫೈಬರ್‌ಗ್ಲಾಸ್, 46 ಇಂಚು, ನನ್ನ ತೂಕಕ್ಕೆ ಸರಿಯಾದ ಗಟ್ಟಿ ಫ್ಲೆಕ್ಸ್, ಎಲ್ಲಾ ಸೇರಿ 3.8 ಕೆಜಿ. ಮೊದಲ ದಿನ ಅಂಗಡೀಲಿ ಅದರ ಮೇಲೆ ನಿಂತಾಗ ಏನೂ ಅನ್ನಿಸ್ಲಿಲ್ಲ, ಹಲಗೆ ಮೇಲೆ ನಿಂತಂಗಿತ್ತು, ನಿಜ ಹೇಳ್ಬೇಕಂದ್ರೆ ಬೇಜಾರೂ ಆಯ್ತು. ಆದ್ರೆ ಹೊರಗಡೆ ತಗೊಂಡು ಹೋಗಿ ಎರಡು ಸಲ ತಳ್ಳಿ ಕ್ರಾಸ್ ಸ್ಟೆಪ್ ಹಾಕಿದೆ, ಒಂದು, ಎರಡು, ಮೂರು, ಮೂರನೇ ಹೆಜ್ಜೆ ಇಟ್ಟ ಕಡೆ ನೆಲ ಇತ್ತು! ಏಳು ತಿಂಗಳಿಂದ ಕಾಲು ಯಾವ ಜಾಗ ಹುಡುಕ್ತಿತ್ತೋ ಅಲ್ಲೇ. ಅದೇ ವಾರ ಪೀಟರ್ ಪ್ಯಾನ್ ಸತತವಾಗಿ ಬಂತು. ಪೈರೂಎಟ್ ಇನ್ನೂ ನಾಲ್ಕಕ್ಕೆ ಒಂದು, ಅದು ನನ್ನದೇ ಕರ್ಮ, ಬೋರ್ಡ್‌ದೇನಿಲ್ಲ.

ಒಂದು ಸ್ಟಾರ್ ಯಾಕೆ ಕಳೆದೆ ಅಂದ್ರೆ, ಕಾರ್ವ್ ಮಾಡೋವಾಗ ಆ ತೂಗುಯ್ಯಾಲೆ ಸುಖ ಹೋಯ್ತು, ಅದು ಬೇಕಾದ ದಿನ ಬೇಜಾರಾಗತ್ತೆ. ಬಾಲದ ತುದಿಗೆ ಏನೂ ರಕ್ಷಣೆ ಇಲ್ಲ, ಒಂದೂವರೆ ತಿಂಗಳಲ್ಲಿ ಬಿದಿರು ನಾರುನಾರಾಗಿ ಎದ್ದಿತು, ಉಜ್ಜಿ ಅಂಟು ಬಳ್ಕೊಂಡೆ. ಮತ್ತೆ ಅದರ ಜೊತೆ ಬಂದ ಬೋಲ್ಟ್‌ಗಳು ಬೆಣ್ಣೆ, ಮೊದಲ ಸಲ ಬಿಚ್ಚೋವಾಗಲೇ ಎರಡರ ತಲೆ ಸವೆದೋಯ್ತು.

ಹಳೇ ಬೋರ್ಡ್ ಆ ಸ್ಲೋ ಮೋಷನ್ ಹಿಡಿದವಳ ಹತ್ರ ಇದೆ. ಅವಳ ತೂಕ 58. ನಾನು ಬಿದ್ದ ಅದೇ ಬೋರ್ಡಲ್ಲಿ ಅವಳು ಮೂತಿ ತನಕ ನಡೆದು, ಅಲ್ಲೊಂದು ಸುತ್ತು ತಿರುಗಿ, ವಾಪಸ್ ನಡ್ಕೊಂಡು ಬರ್ತಾಳೆ, ಡೆಕ್ ಒಂಚೂರು ಬಾಗಿ ಎದ್ದು ಅವಳ ಹೆಜ್ಜೆಗೆ ಜೊತೆ ಕೊಡತ್ತೆ. ಬೋರ್ಡ್ ಕೊಡೋ ಮುಂಚೆ ನಾನು ಅದಕ್ಕೆ ಹಾಕಿದ್ದ ಗಟ್ಟಿ ಬುಶಿಂಗ್ ಬಿಚ್ಚಿ ಮೊದಲಿನ ಮೆತ್ತಂದೇ ವಾಪಸ್ ಹಾಕ್ಕೊಟ್ಟೆ. ಆ ಬಿಚ್ಚಿದ 90ಎ ಬುಶಿಂಗೇ ಈಗ ನನ್ನ ಹಿಂದಿನ ಟ್ರಕ್‌ನಲ್ಲಿರೋದು.